ಕಣದ ಮೇಲಿನ ಹಸಿ ಕೊಂಬೆ

ಮಳೆಗಾಲಕ್ಕೆ ಮೊದಲು ಕಾಫಿತೋಟದ ನೆರಳುಮರಗಳಿಗೆ ಮರಗಸಿ ಮಾಡಿಸಬೇಕು, ಅಂದರೆ ಕೊಂಬೆ ಕಡಿಸಬೇಕು. ಹೋದ ವರ್ಷ ಗಾಳಿಬೀಡಿನ ನಮ್ಮ ತೋಟದಲ್ಲಿ ಹಿಂದಿನ ರಾತ್ರಿಯ ಅಡ್ಡಮಳೆಗೆ ಒದ್ದೆಯಾಗಿದ್ದ ಸಿಲ್ವರ್ ಓಕ್ ಹತ್ತಲು ಆಳು ಒಪ್ಪಲಿಲ್ಲ. ಭಾವ, ಅಂದರೆ ನನ್ನ ಗಂಡನ ಅಣ್ಣ, ತಮ್ಮನನ್ನು ಕೆಣಕಿದರು: "ಏನೋ ಚಿದಾನಂದ, ಎಂಎಸ್ಸಿ ಓದ್ದೋನಿಗೆ ಮರ ಹತ್ತೋಕೆ ಭಯನಾ?" ನನ್ನ ಗಂಡ ಹತ್ತಿದರು, ಜಾರಿ ಬಿದ್ದು ಸತ್ತರು.

ಆಮೇಲೆ ಹನ್ನೊಂದು ತಿಂಗಳು ನನಗೆ ನಿದ್ದೆಯಿಲ್ಲ. ಮಡಿಕೇರಿಯ ಡಾಕ್ಟರ್ ಮೂರು ಸಲ ಮಾತ್ರೆ ಬದಲಿಸಿದರು. ರಾತ್ರಿಯೆಲ್ಲಾ ನನ್ನ ಕಿಟಕಿಯಾಚೆ ಕೊಂಬೆ ಕಡಿಯುವ ಕತ್ತಿಯ ಸದ್ದು ನಿಲ್ಲಲಿಲ್ಲ: ಮೂರು ಏಟು, ಸ್ವಲ್ಪ ಮೌನ, ಮತ್ತೆ ಮೂರು ಏಟು. ಹೇಳಿದರೆ ಭಾವ, "ಗಂಡ ಸತ್ತೋರು ನೀನೊಬ್ಳೇನಾ? ಸುಮ್ನೆ ಮಲ್ಕೊಳಮ್ಮ," ಎಂದು ನಕ್ಕರು.

ಒಂದು ಬೆಳಿಗ್ಗೆ ಅವರೇ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು.

"ರಾತ್ರಿಯೆಲ್ಲಾ ನನ್ ಕಿಟಕಿ ಹತ್ರ ಯಾರೋ ಕೊಂಬೆ ಕಡೀತಾರೆ ಕಣಮ್ಮ. ನಿನ್ ಮಾತ್ರೆ ಒಂದು ಕೊಡು."

"ಅದು ಕೆಲ್ಸ ಮಾಡಲ್ಲ ಭಾವ."

ಅವತ್ತಿನಿಂದ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ಅವರ ಕಿಟಕಿಯ ಕಡೆ ಕಾಫಿ ಒಣಗಿಸುವ ಸಿಮೆಂಟು ಕಣವಿದೆ, ಒಂದು ಮರವೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಅಲ್ಲಿ ಆಗತಾನೇ ಕಡಿದ ಸಿಲ್ವರ್ ಓಕ್ ಕೊಂಬೆಯೊಂದು ಬಿದ್ದಿರುತ್ತದೆ. ಯಾರೂ ಏಳುವ ಮೊದಲೇ ನಾನು ಅದನ್ನು ಸೌದೆಗೆ ಸೇರಿಸಿಬಿಡುತ್ತೇನೆ. ಭಾವನಿಗೆ ತಲೆ ಕೆಟ್ಟಿದೆ ಎಂದೇ ಮನೆಯವರೆಲ್ಲ ನಂಬಿದ್ದಾರೆ.