ಒಂದು ಗುಟುಕೂ ಕುಡಿಯದವನು

ಮ್ಯಾಚಿನ ದಿನದ ಬೆಳಗು. ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ತನ್ನ ಪುಟ್ಟ ಮಳಿಗೆಯಲ್ಲಿ ಅವಳು ಜೋಳದ ಸೂಪಿಗೆ ಕೆನೆ ಸುರಿಯಲು ಡಬ್ಬಿ ಎತ್ತಿದ್ದಳು.

“ನಿಲ್ಲಿಸಿ!”

ಬಾಗಿಲಲ್ಲಿ ಆಹಾರ ಇಲಾಖೆಯ ಹೊಸ ಇನ್‌ಸ್ಪೆಕ್ಟರ್!

ಅವನು ಕೆನೆಗೆ ಥರ್ಮಾಮೀಟರ್ ಇಳಿಸಿದ. “ರಾತ್ರಿ ಮೈದಾನದ ದೀಪ ಪರೀಕ್ಷೆ ಮಾಡೋಕೆ ಮಳಿಗೆಗಳ ಕರೆಂಟ್ ತೆಗೆದಿದ್ರು. ಫ್ರಿಜ್ ಇನ್ನೂ ತಣ್ಣಗಾಗಿಲ್ಲ.”

ಕೆನೆಯೆಲ್ಲ ಮೋರಿ ಸೇರಿತು.

“ಹೊಟ್ಟೆ ಮೇಲೆ ಹೊಡೀತೀರಲ್ಲ, ಸಾರ್!”

“ಸಾವಿರಾರು ಹೊಟ್ಟೆ ಕೆಡಬಾರದಲ್ಲ, ಮೇಡಂ.”

ಸಿಟ್ಟಿನಲ್ಲೂ ಅವಳಿಗೆ ಬೆರಗು... ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅವನು ಒಂದೊಂದೇ ಪಾತ್ರೆ ಮುಟ್ಟಿ ನೋಡುತ್ತಿದ್ದ. ಸಂಜೆಯೊಳಗೆ ಕ್ರೀಡಾಂಗಣದವರ ಜತೆ ಜಗಳವಾಡಿ ಫ್ರಿಜ್‌ಗಳಿಗೆ ಬೇರೆಯೇ ಕರೆಂಟ್ ಲೈನ್ ಹಾಕಿಸಿದ!

ಆಮೇಲೆ ಪ್ರತಿ ಮ್ಯಾಚಿಗೂ ಬಂದ. ಗಂಡ ತೀರಿಕೊಂಡ ಮೇಲೆ ಮುದುಡಿದ್ದ ಅವಳ ಮನಸ್ಸು ಆ ಹೆಜ್ಜೆ ಸದ್ದಿಗೆ ಕಿವಿಯಾಗತೊಡಗಿತು. ಚಿನಕುರುಳಿ ಮಗಳು, “ಅಂಕಲ್, ನೀವು...” ಎಂದು ಶುರುಮಾಡಿದಾಗಲೆಲ್ಲ, “ಸುಮ್ನಿರೇ!” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆದರೆ ಸೂಪಿನ ಲೋಟ ಚಾಚಿದರೆ ಅವನದು ಒಂದೇ ಮಾತು. “ಬೇಡ.”

‘ನನ್ನ ಕೈಯಡುಗೆ ಅಂದ್ರೆ ಅಷ್ಟು ಅಸಹ್ಯವಾ?’

ಕೊನೆಗೊಂದು ದಿನ ತಡೆಯಲಾಗಲಿಲ್ಲ. “ಊರಿನ ಹೊಟ್ಟೆಗೆಲ್ಲ ಸರಿ, ನಿಮ್ಮ ಹೊಟ್ಟೆಗೆ ಮಾತ್ರ ನಾನು ಮಾಡಿದ್ದು ಆಗಲ್ಲ, ಅಲ್ವಾ?”

ಅವನು ಲೋಟದತ್ತ ಒಮ್ಮೆ ನೋಡಿ ಹೊರಟುಹೋದ.

ಮುಂದಿನ ಮ್ಯಾಚಿಗೆ ಬೇರೆ ಅಧಿಕಾರಿಣಿ ಬಂದರು. “ಈ ಕ್ರೀಡಾಂಗಣ ಬೇಡ ಅಂತ ಅವರೇ ಕೇಳಿಕೊಂಡ್ರಮ್ಮ.”

ಅವಳು ಕಣ್ಣೊರೆಸಿಕೊಂಡೇ ಸೂಪ್ ಬಡಿಸಿದಳು.

“ನನಗೊಂದು ಲೋಟ.”

ತಲೆಯೆತ್ತಿದಳು. ಬಾವುಟಗಳ, ಬಣ್ಣ ಬಳಿದ ಮುಖಗಳ ಸಾಲಿನಲ್ಲಿ... ಅವನು! ಸಾದಾ ಅಂಗಿ, ಕೈಯಲ್ಲಿ ಟಿಕೆಟ್.

“ನೀವು... ಕುಡೀತೀರಾ?”

“ನಾನು ತಪಾಸಣೆ ಮಾಡೋ ಮಳಿಗೇಲಿ ಒಂದು ಗುಟುಕೂ ಕುಡಿಯೋ ಹಾಗಿಲ್ಲ. ಅದಕ್ಕೇ ತಪಾಸಣೆಯನ್ನೇ ಬಿಟ್ಟುಕೊಟ್ಟೆ.”

‘ಇಷ್ಟಕ್ಕೋಸ್ಕರ... ನನಗೋಸ್ಕರ!’

ಅಷ್ಟರಲ್ಲಿ ಗೋಲ್! ಕ್ರೀಡಾಂಗಣವೇ ಎದ್ದು ಕೂಗಿತು. ಲೋಟಗಳು ನಡುಗಿದವು, ಸಾಲಿನಲ್ಲಿದ್ದವರೆಲ್ಲ ಮೈದಾನದತ್ತ ಓಡಿದರು.

ಅವನೊಬ್ಬ ತಿರುಗಿಯೂ ನೋಡಲಿಲ್ಲ. ಲೋಟ ಎರಡೂ ಕೈಯಲ್ಲಿ ಹಿಡಿದು ಮೊದಲ ಗುಟುಕು ಕುಡಿದು, ಅವಳನ್ನೇ ನೋಡುತ್ತಾ ನಿಂತ. ಅಷ್ಟು ದೊಡ್ಡ ಗದ್ದಲದ ನಡುವೆ ಇಷ್ಟು ನಿಶ್ಶಬ್ದ ಇರಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಹೇಗಿದೆ?” ಅವಳು ಕೇಳಿದಳು.

“ಇಷ್ಟು ದಿನ ವಾಸನೇಲೇ ಬದುಕಿದ್ದೆ...”

ಮಗಳು ಪೆಟ್ಟಿಗೆ ಹತ್ತಿ ನಿಂತಳು. ಈ ಸಲ ಅಮ್ಮ ಅವಳ ಬಾಯಿ ಮುಚ್ಚಿಸಲಿಲ್ಲ.

“ಅಂಕಲ್, ನೀವು ಬಂದಿದ್ದು ಸೂಪಿಗಾ, ಅಮ್ಮನಿಗಾ?”