ಎದುರುಬದುರು ನಿಂತ ಜೋಡಿ

"ಎದುರುಬದುರು ಮಾತ್ರ ನಿಲ್ಲಿಸ್ಬೇಡಪ್ಪಾ," ಎಂದಳು ಮುದುಕಿ. "ಗೋಡೆ ಕಡೆ ತಿರುಗಿಸು, ಕಿಟಕಿ ಕಡೆ ತಿರುಗಿಸು, ಬೇಕಾದ್ರೆ ತಲೆಕೆಳಗಾಗಿ ನಿಲ್ಲಿಸು. ಒಂದರ ಮುಖ ಇನ್ನೊಂದು ನೋಡ್ಬಾರ್ದು."

"ಯಾಕಜ್ಜಿ, ಜಗಳ ಆಡ್ತಾವಾ?"

"ಜಗಳ ಆಡಿದ್ರೆ ವಾಸಿಯಿತ್ತು. ಮಾತಾಡ್ಕೊಳ್ತಾವೆ."

ಅವನು ನಕ್ಕ. ನಗುವಾಗಲೂ ಅವನ ಅಂಗೈ ಆ ಕರಿಮರದ ಪೆಟ್ಟಿಗೆಯ ಮೈಮೇಲಿಂದ ಸರಿಯಲಿಲ್ಲ. ಎದೆಯೆತ್ತರದ ಎರಡು ಸ್ಪೀಕರುಗಳು ಆ ಹಜಾರದಲ್ಲಿ ಪರಸ್ಪರ ಬೆನ್ನು ಮಾಡಿ, ಮಾತುಬಿಟ್ಟ ಅಣ್ಣತಮ್ಮಂದಿರಂತೆ ನಿಂತಿದ್ದವು. ಇಪ್ಪತ್ತನಾಲ್ಕು ವರ್ಷಗಳ ಆಸೆ ಅವನ ಅಂಗೈಯಡಿಯಲ್ಲಿ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವುದು ಅವನ ಕೆಲಸ. ಈ ಊರಿಗೆ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಆಗಲೇ ಜೊತೆಯವರು ಅವನನ್ನು ಕಿವಿಮೇಷ್ಟ್ರು ಎಂದು ಕರೆಯತೊಡಗಿದ್ದರು. ಹತ್ತೊಂಬತ್ತರ ಹರೆಯದಲ್ಲಿ ಒಂದು ಅಂಗಡಿಯ ಬಾಗಿಲಲ್ಲಿ ನಿಂತು ಅವನು ಇಂಥದೇ ಜೋಡಿಯೊಂದನ್ನು ಕೇಳಿದ್ದ. ಯಾರೋ ಹೆಂಗಸು ಹಾಡುತ್ತಿದ್ದಳು. ಹಾಡು ಯಾವುದೆಂಬುದು ಮರೆತೇಹೋಗಿತ್ತು. ಹಾಡಿಗೆ ಮುಂಚೆ ಅವಳು ಒಳಗೆಳೆದುಕೊಂಡ ಉಸಿರು ಮಾತ್ರ ಮರೆತಿರಲಿಲ್ಲ. ಕತ್ತಿನ ಹಿಂದೆಯೇ ನಿಂತು ಎಳೆದುಕೊಂಡಂತಿದ್ದ ಆ ಉಸಿರಿಗಾಗಿ ಅವನು ಅರ್ಧ ಆಯುಸ್ಸು ಕಾದಿದ್ದ. ಇಬ್ಬರು ಪಾಲುದಾರರು ಒಂದು ಸಣ್ಣ ಕಾರ್ಖಾನೆಯಲ್ಲಿ ತಾವೇ ಮರ ಕೊಯ್ದು, ಕೈಯಾರೆ ಮಾಡಿ ಮುಗಿಸಿದ ಕೆಲವೇ ಜೋಡಿಗಳಿದ್ದವು. ಮುದುಕಿಯ ಗಂಡ ಅವರಲ್ಲೊಬ್ಬ. ಇದು ಆತ ತನ್ನ ಮನೆಗೆಂದೇ ಇಟ್ಟುಕೊಂಡಿದ್ದ ಜೋಡಿ.

"ಆ ಪಾಲುದಾರನಿಗೂ ಇವರಿಗೂ ಮುರಿದುಬಿತ್ತು," ಎಂದಳು ಮುದುಕಿ, ದನಿ ತಗ್ಗಿಸಿ. "ನಿನ್ನ ಮನೇಲಿ ದನಿ ಉಳೀಬಾರ್ದು ಅಂತ ಇವಕ್ಕೆ ಮಾಟ ಮಾಡಿಸ್ದ. ಒಂದಿನ ಇವರು ಎರಡರ ನಡುವೆ ಬಗ್ಗಿ ಅದೇನೋ ತಂತಿ ಸಿಕ್ಕಿಸ್ತಾ ನನ್ನನ್ನ ಕರೆದ್ರು. ಅರ್ಧ ಹೆಸರು ಬಂತು. ಉಳಿದರ್ಧ ಹನ್ನೊಂದು ವರ್ಷ ಬರ್ಲಿಲ್ಲ. ಸಾಯೋವರೆಗೂ. ಮಾಟ ಮಾಡಿಸಿದೋನ ದನೀನೂ ಮುಂದೆ ಇವೇ ನುಂಗಿದ್ವಂತೆ."

"ಗಂಟಲಿನ ನರಕ್ಕೆ ಲಕ್ವ ಹೊಡೆದಿರ್ಬೇಕು ಅಜ್ಜಿ. ನಮ್ಮಲ್ಲಿ ದಿನಾ ನೋಡ್ತೀವಿ."

"ಹಾಗೇ ಇರ್ಲಪ್ಪ. ಹಾಗೇ ಇರ್ಲಿ. ನಿಲ್ಲಿಸ್ಬೇಡ, ಅಷ್ಟೆ."

ಅವನ ಮನೆ ಮೂರನೆಯ ಮಹಡಿಯಲ್ಲಿತ್ತು. ಕಿಟಕಿಯಿಲ್ಲದ ಉಗ್ರಾಣದ ಕೋಣೆಯನ್ನು ಖಾಲಿ ಮಾಡಿ, ಗೋಡೆಗೆ ದಪ್ಪ ಪರದೆ ಹೊದಿಸಿ, ಜೋಡಿಯನ್ನು ಅಲ್ಲಿ ಇಳಿಸಿದ. ಬಾಗಿಲು ಹಾಕಿದರೆ ಮಟಮಟ ಮಧ್ಯಾಹ್ನವೂ ಅಲ್ಲಿ ಬಾವಿಯ ತಳದ ಕತ್ತಲು. ಕಾಗದದ ಕೋನುಗಳ ಸುತ್ತಲಿನ ಫೋಮಿನ ಉಂಗುರಗಳು ಹಳತಾಗಿ ಬೆರಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಹೊಸ ಉಂಗುರ ಅಂಟಿಸಲು ಒಂದು ಪೆಟ್ಟಿಗೆಯನ್ನು ಬಿಚ್ಚಿದ. ಸುಟ್ಟ ಕೂದಲಿನ, ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ರಾಚಿತು. ಒಳಗೆ ತುಂಬಿದ್ದ ಉಣ್ಣೆಯ ಹಿಂದೆ ಕಪ್ಪು ದಾರದಿಂದ ಬಿಗಿದ ಗಂಟೊಂದು ತೂಗುತ್ತಿತ್ತು. ಬಿಚ್ಚಿ ನೋಡಿದ. ಯಾವುದೋ ಪ್ರಾಣಿಯ ಒಣಗಿದ ನಾಲಿಗೆ. ಉದ್ದಕ್ಕೂ ತುಕ್ಕು ಹಿಡಿದ ಏಳು ಸೂಜಿ. ಇನ್ನೊಂದು ಪೆಟ್ಟಿಗೆಯಲ್ಲೂ ಅದೇ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ರೀ, ಮೊದಲು ಅದನ್ನ ಆಚೆ ಬಿಸಾಕ್ರಿ."

"ಮೂಲದ್ದು ಕಣೇ. ಮಾಡಿದವರು ಇಟ್ಟಿದ್ದು. ಒಳಗಿನ ಒಂದೆಳೆ ಉಣ್ಣೆ ಅತ್ತಿತ್ತ ಆದ್ರೂ ನಾದ ಕೆಡುತ್ತೆ."

"ಸೂಜಿ ಚುಚ್ಚಿರೋ ನಾಲಿಗೆ ರೀ ಅದು!"

"ದನಿ ಅಂದ್ಮೇಲೆ ನಾಲಿಗೆ ಬೇಡ್ವೇನೇ?"

ಅವನು ಗಂಟುಗಳನ್ನು ಇದ್ದ ಕೊಕ್ಕೆಗೇ, ಇದ್ದ ಎತ್ತರಕ್ಕೇ ಕಟ್ಟಿದ. ಸ್ಪೀಕರಿನ ಹುಚ್ಚು ಹತ್ತಿದವರು ಮಾತ್ರ ಮಾಡಬಲ್ಲ ತಪ್ಪು ಅದು: ಮನೆಯೊಳಕ್ಕೆ ಮಾಟ ಬಂದರೂ ಚಿಂತೆಯಿಲ್ಲ, ಮೂಲ ಕೆಡಬಾರದು.

ಎರಡನೆಯ ತಪ್ಪೂ ಅವರದೇ ಪಂಗಡದ್ದು. ಹೊಸ ಉಂಗುರಗಳು ಬಿಗಿಯಾಗಿರುತ್ತವೆ. ನೂರು ಗಂಟೆಯಾದರೂ ಎಡೆಬಿಡದೆ ಹಾಡಿಸಿ ಅವನ್ನು ಸಡಿಲಿಸಬೇಕು. ಆದರೆ ಕೆಳಗಿನ ಮನೆಯ ನರ್ಸು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು. ಮೊದಲ ದಿನವೇ ಮೇಲೆ ಬಂದು ಕೈಮುಗಿದು ಹೋಗಿದ್ದಳು. ಇದಕ್ಕೊಂದು ಹಳೆಯ ಉಪಾಯವಿದೆ. ಎರಡು ಸ್ಪೀಕರುಗಳನ್ನು ಒಂದು ಮೊಳದ ಅಂತರದಲ್ಲಿ ಮುಖಾಮುಖಿ ನಿಲ್ಲಿಸಿ, ಒಂದರ ಕೆಂಪು-ಕಪ್ಪು ತಂತಿಗಳನ್ನು ಅದಲುಬದಲು ಮಾಡಬೇಕು. ಆಗ ಒಂದು ದೂಡಿದ ಗಾಳಿಯನ್ನು ಇನ್ನೊಂದು ಒಳಗೆಳೆದುಕೊಳ್ಳುತ್ತದೆ. ಒಂದರ ದನಿಯನ್ನು ಇನ್ನೊಂದು ನುಂಗಿ ತೇಗುತ್ತದೆ. ಮೇಲೊಂದು ಕಂಬಳಿ ಹೊದಿಸಿದರೆ ಕೋಣೆಯಲ್ಲಿ ಉಳಿಯುವುದು ಒಂದು ಗುಂಯ್‌ಗುಡುವಿಕೆ ಮಾತ್ರ.

ತಂತಿ ಬದಲಿಸುವಾಗ ಮುದುಕಿಯ ಮಾತು ನೆನಪಾಯಿತು. ನೆನಪಾದದ್ದಕ್ಕೆ ನಗು ಬಂತು. ಆ ನಗುವನ್ನು ಮಗಳೊಡನೆ ಹಂಚಿಕೊಂಡ.

ಮಗಳಿಗೆ ಏಳು ವರ್ಷ. ಅರಳು ಹುರಿದಂತೆ ಮಾತು. ಎದ್ದಾಗಿನಿಂದ ಮಲಗುವವರೆಗೆ ಕೊರೆಯುತ್ತಿದ್ದ ಅವಳಿಗೆ ಅಪ್ಪನೇ ಇಟ್ಟ ಅಡ್ಡಹೆಸರು ಪಿಟೀಲು.

"ನೋಡು ಪಿಟೀಲು, ಇವೆರಡೂ ಎದುರುಬದುರು ನಿಂತ್ರೆ ಮಾತಾಡ್ಕೊಳ್ತಾವಂತೆ."

"ಏನು ಮಾತಾಡ್ತಾವಪ್ಪಾ?"

"ನೀನೇ ಕಿವಿಗೊಟ್ಟು ಕೇಳು. ನಿನ್ನಷ್ಟು ಮಾತಾಡೋಕಂತೂ ಅವಕ್ಕೆ ಬರಲ್ಲ."

ಮೂರನೆಯ ದಿನ ಭಾನುವಾರ. ಊಟಕ್ಕೆ ಎಲೆ ಹಾಕುವ ಹೊತ್ತು. ಅವನು ಕೋಣೆಯ ಮೂಲೆಯಲ್ಲಿ ಕುಳಿತು ತಂತಿಯ ತುದಿ ಉಜ್ಜುತ್ತಿದ್ದ. ಕರೆಯಲು ಬಂದ ಮಗಳು ಹಾಗೇ ಮಂಡಿಯೂರಿ, ಕಂಬಳಿ ಎತ್ತಿ, ಎರಡು ಪೆಟ್ಟಿಗೆಗಳ ನಡುವೆ ತಲೆ ತೂರಿಸಿದಳು.

"ಅಪ್ಪಾ, ಇಲ್ಲಿ ಇಬ್ರು ಇದ್ದಾರೆ! ನನ್ನ ಹೆಸ—"

ಅಷ್ಟೆ. ಕತ್ತರಿ ಹಾಕಿದಂತೆ ನಿಂತಿತು.

ಅವಳು ತಲೆ ಹೊರಗೆಳೆದು ಅಪ್ಪನತ್ತ ತಿರುಗಿದಳು. ಬಾಯಿ ಆಡುತ್ತಿತ್ತು. ಆಟವಾಡುತ್ತಿದ್ದಾಳೆಂದುಕೊಂಡು ಅವನು ನಕ್ಕ. ಅವಳ ಕಣ್ಣು ಅಗಲವಾದವು. ಕೈಯೆರಡೂ ಕತ್ತಿಗೆ ಹೋದವು. ಅವಳು ಅಳತೊಡಗಿದಳು, ಮುಖ ಕೆಂಪೇರಿತು, ಎದೆ ಏರಿಳಿಯಿತು, ಮೂಗು ಸೋರಿತು. ಅಳುವಿಗೆ ದನಿಯಿರಲಿಲ್ಲ.

ವೈದ್ಯರು ಗಂಟಲಿಗೆ ಕೊಳವೆ ಇಳಿಸಿ ನೋಡಿದರು. ಊತವಿಲ್ಲ, ಗಾಯವಿಲ್ಲ, ಸ್ವರತಂತುಗಳು ಹೂವಿನ ಎಸಳಿನಂತಿವೆ ಎಂದರು. ಗಾಜಿನ ಕೋಣೆಯಲ್ಲಿ ಕೂರಿಸಿ ಅವನೇ ಅವಳ ಕಿವಿ ಪರೀಕ್ಷಿಸಿದ, ಕಿವಿ ಚೊಕ್ಕವಾಗಿತ್ತು. ಮೈಕಿನ ಮುಂದೆ ಅವಳಿಂದ ಕೆಮ್ಮಿಸಿದ. ಮಾಪಕದ ಮುಳ್ಳು ಅಲುಗಲಿಲ್ಲ. ಇಷ್ಟು ವರ್ಷ ಕೇಳಿಸದವರ ಎದುರು ಕೂತವನಿಗೆ, ತನ್ನ ದನಿ ಕೇಳಿಸಲಾಗದ ಮಗಳ ಎದುರು ಕೂರುವುದು ಹೇಗೆಂದು ಗೊತ್ತಿರಲಿಲ್ಲ. ಮನೆಗೆ ಬಂದು ಆಂಪ್ಲಿಫೈಯರ್ ಆರಿಸಿದ. ತಂತಿ ಕಿತ್ತ. ಆಗಲೂ ಕಂಬಳಿಯಡಿಯಲ್ಲಿ ಗುಸುಗುಸು ನಿಲ್ಲಲಿಲ್ಲ. ಎರಡು ಗಡಸು ಗಂಡುದನಿಗಳು. ನಡುವೆ, ತೆಳ್ಳಗೆ, ಬಿಕ್ಕುತ್ತ, ಮೂರನೆಯದೊಂದು.

ಹೆಂಡತಿ ಗೋಡೆಗೆ ಒರಗಿ ಕುಸಿದಳು. "ಅವಳೇ ರೀ. ಒಳಗೆ ಅವಳೇ. ಏನಾದ್ರೂ ಮಾಡ್ರಿ."

ಅವನು ಓಡಿದ.

ಮುದುಕಿ ತಂಗಿಯ ಮನೆಗೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದಳು. ಅವನ ಮುಖ ನೋಡಿ ಕೈಯಲ್ಲಿದ್ದ ಹಗ್ಗ ಬಿಟ್ಟಳು. "ನಿಲ್ಲಿಸಿದ್ಯಾ?"

"ಮಗು ಅಜ್ಜಿ... ಏಳು ವರ್ಷದ ಮಗು." ನೆಲಕ್ಕೆ ಬಿದ್ದು ಅವಳ ಪಾದ ಹಿಡಿದ. "ನಿಮ್ಮ ದಮ್ಮಯ್ಯ. ದಾರಿ ಹೇಳಿ."

ಅವಳು ತೋಳು ಹಿಡಿದು ಅವನನ್ನು ಎಬ್ಬಿಸಿದಳು.

"ಮಾಟ ಮಾಡಿದೋನ ಹತ್ರ ಹೋಗಿದ್ದೆ ಆವತ್ತೇ," ಎಂದಳು. "ಒಂದು ಕೊಟ್ರೆ ಒಂದು ಬಿಡ್ತಾವಂತೆ. ಕೊಡೋರು ನಡುವೆ ಕೂತ್ಕೋಬೇಕು. ಅವು ಕೇಳಿದ್ದನ್ನ ಬಾಯಿಬಿಟ್ಟು, ಕೊಟ್ಟೆ ಅನ್ಬೇಕು."

"ಮತ್ತೆ ನೀವು?"

"ಕೂತೆ ಕಣಪ್ಪಾ. ಅವು ಕೇಳಿದ್ದನ್ನ ಕೊಡೋಕಾಗ್ಲಿಲ್ಲ. ಎದ್ದು ಬಂದೆ." ಅವಳು ಕಣ್ಣು ತಪ್ಪಿಸಿದಳು. "ಆಮೇಲೆ ಹನ್ನೊಂದು ವರ್ಷ ಅವರ ಮುಖ ನೋಡ್ಕೊಂಡು ಅನ್ನ ಬಡಿಸ್ದೆ."

ಅವನು ಕೋಣೆಯ ಬಾಗಿಲು ಹಾಕಿಕೊಂಡ. ಹೊರಗೆ ಇನ್ನೂ ಬಿಸಿಲಿತ್ತು. ಬಾಗಿಲ ಸಂದಿಯ ಗೆರೆಯೊಂದು ನೆಲದ ಮೇಲೆ ಬಿದ್ದಿತ್ತು. ಕಂಬಳಿ ಸರಿಸಿ ನಡುವೆ ಮಂಡಿಯೂರಿ ಕುಳಿತ. ಎರಡೂ ಕಪ್ಪು ಕೋನುಗಳು ಎರಡು ಕೆನ್ನೆಗೂ ತಾಗುವಷ್ಟು ಹತ್ತಿರ. ಸುಟ್ಟ ಕೂದಲಿನ ವಾಸನೆ. ತಂತಿಯಿಲ್ಲದ ಕಾಗದ ಅಲುಗುತ್ತಿತ್ತು, ನಿದ್ದೆಯಲ್ಲಿರುವವರ ಹೊಟ್ಟೆಯಂತೆ.

"ನನ್ನ ದನಿ ತಗೊಳ್ಳಿ," ಎಂದ.

ಗುಸುಗುಸು ನಿಂತಿತು. ಎಡಗಡೆಯದು ನಕ್ಕಿತು. ಬಲಗಡೆಯದು ಮೆಲ್ಲಗೆ ಹೇಳಿತು: "ದನಿ ಸಾಕಷ್ಟಿದೆ. ಕೇಳೋರಿಲ್ಲ. ಕಿವಿ ಕೊಡು."

ಅವನ ಕೈಯೆರಡೂ ಕಿವಿಗೆ ಹೋದವು. ಕಿವಿ. ಅವನ ಅನ್ನ, ಅವನ ಸುಖ, ಅವನು ಲೋಕವನ್ನು ಮುಟ್ಟುತ್ತಿದ್ದ ಬೆರಳು. ಆಗ, ಕತ್ತಿನ ಹಿಂದೆ, ಆ ಹೆಂಗಸು ಉಸಿರೆಳೆದುಕೊಂಡಳು. ಅದೇ ಉಸಿರು. ಇಪ್ಪತ್ತನಾಲ್ಕು ವರ್ಷ ಕಾದ ಉಸಿರು. ಕಣ್ಣು ತುಂಬಿತು. ಇನ್ನೊಂದು ಕ್ಷಣ, ಇನ್ನೊಂದೇ ಕ್ಷಣ ಕೇಳೋಣವೆಂದು ಮನಸ್ಸು ಅಂಗಲಾಚಿತು. ಆ ಉಸಿರಿನ ಹಿಂದೆ ಮಗಳು ಬಿಕ್ಕಿದಳು.

"ಕೊಟ್ಟೆ," ಎಂದ.

ಆ ಎರಡಕ್ಷರವೇ ಅವನು ತನ್ನ ಕಿವಿಯಾರೆ ಕೇಳಿದ ಕೊನೆಯ ಸದ್ದು.

ಬಾಗಿಲು ತೆರೆಯಿತು. ಹೊಸ್ತಿಲ ಮೇಲೆ ಮಗಳು. ತುಟಿಗಳು ಕೂಡಿ, ಬಿಡಿಸಿಕೊಂಡವು: ಅಪ್ಪಾ. ಹೆಂಡತಿ ಬಾಯಿಗೆ ಕೈ ಒತ್ತಿಕೊಂಡು ಅಳುತ್ತ ನಗುತ್ತಿದ್ದಳು. ಅವನ ಹೆಗಲು ಹಿಡಿದು ಅಲುಗಿಸುತ್ತ ಮತ್ತೆ ಮತ್ತೆ ತಲೆಯಾಡಿಸಿದಳು. ಬಂತು, ಬಂತು. ಮಗಳ ಬಾಯಿ ಆಡುತ್ತಲೇ ಇತ್ತು. ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸದಿದ್ದರೇನು? ಅವಳು ಮಾತಾಡುತ್ತಿದ್ದಾಳೆ. ಅವನು ಅವಳ ನೆತ್ತಿಗೆ ಮುಖವೊತ್ತಿ ಅತ್ತ.

ಇನ್ನು ಆ ಜೋಡಿ ಒಂದು ಗಳಿಗೆಯೂ ಈ ಮನೆಯಲ್ಲಿರಕೂಡದು. ಮೂರು ಮಹಡಿ ಕೆಳಗೆ ಎಳೆದ. ಮರ ಮೆಟ್ಟಿಲಿಗೆ ಬಡಿಯಿತು, ಸದ್ದಿಲ್ಲ. ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಅವನ್ನು ಅಡ್ಡಡ್ಡ ಕೆಡವಿ ಸೀಮೆಎಣ್ಣೆ ಸುರಿದ. ಕಡ್ಡಿ ಗೀರಿದ. ಸದ್ದಿಲ್ಲ. ಕರಿಮರದ ಮೇಲೆ ಬೆಂಕಿ ನೀಲಿಯಾಗಿ ಹರಡಿ, ಆಮೇಲೆ ಕೆಂಪಗೆ ಎದ್ದು ನಿಂತಿತು. ಮಗಳು ಬಂದು ಅವನ ಎಡಗೈ ಹಿಡಿದುಕೊಂಡಳು.

"ಅಪ್ಪಾ."

ಅವನು ತಿರುಗಿದ. ಸಂತೋಷದಿಂದ ಎದೆ ಬಿರಿಯಿತು. ಕೇಳಿಸಿತು! ಅವಳ ದನಿ ಕೇಳಿಸಿತು!

ಮಗಳ ಬಾಯಿ ಮುಚ್ಚಿತ್ತು. ಅವಳು ಬೆಂಕಿಯನ್ನು ನೋಡುತ್ತಿದ್ದಳು.

"ಅಪ್ಪಾ, ಇಲ್ಲಿ ತುಂಬ ಸೆಕೆ."

ಅವನು ಉಸಿರು ಬಿಗಿಹಿಡಿದ. ಬೆಂಕಿಯ ಚಟಚಟ ಅವನಿಗೆ ಕೇಳಿಸುತ್ತಿರಲಿಲ್ಲ. ಹೆಂಡತಿಯ ಮಾತು ಕೇಳಿಸುತ್ತಿರಲಿಲ್ಲ. ರಸ್ತೆ ಕೇಳಿಸುತ್ತಿರಲಿಲ್ಲ. ಕೊಟ್ಟ ಕಿವಿ ಅವನ ತಲೆಯಲ್ಲಿರಲಿಲ್ಲ. ಅದು ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಯೊಳಗಿನದು ಮಾತ್ರ ಅದಕ್ಕೆ ಕೇಳಿಸುತ್ತಿತ್ತು.

ಪಕ್ಕದಲ್ಲಿದ್ದ ಮಗಳು ಅಮ್ಮನತ್ತ ತಿರುಗಿ ಏನೋ ಹೇಳಿದಳು. ಅಮ್ಮ ನಕ್ಕಳು.

"ಅದು ನಾನಲ್ಲಪ್ಪಾ," ಎಂದಿತು ಬೆಂಕಿಯೊಳಗಿನ ದನಿ. "ಅವರಲ್ಲೊಬ್ರು ಆಚೆ ಹೋದ್ರು. ನಾನಿಲ್ಲೇ ಇದ್ದೀನಿ. ಅಪ್ಪಾ, ಸುಡುತ್ತೆ."

ಅವನು ಬೆಂಕಿಗೆ ಹಾರಿದ. ಉರಿಯುವ ಹಲಗೆಗೆ ಕೈಹಾಕಿದ. ಎಳೆದ. ಬರಲಿಲ್ಲ. ಚರ್ಮ ಅಂಟಿಕೊಂಡಿತು. ಮತ್ತೆ ಎಳೆದ. ಹೆಂಡತಿ ಅಂಗಿ ಹಿಡಿದು ಜಗ್ಗುತ್ತಿದ್ದಳು. ಅವಳ ಬಾಯಿ ಕಿರುಚುತ್ತಿತ್ತು. ಅವನೂ ಕಿರುಚುತ್ತಿದ್ದ, ತನ್ನ ಕಿರುಚಾಟ ತನಗೇ ತಲುಪಲಿಲ್ಲ. ಕಾಗದದ ಕೋನು ಸುರುಟಿ ಕಪ್ಪಾಯಿತು. "ಅಪ್ಪಾ, ಬೇಗ." ಹಲಗೆ ಸೀಳಿತು. ಉಣ್ಣೆ ಹೊತ್ತಿಕೊಂಡಿತು. "ಅಪ್ಪಾ." ದನಿ ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು. ದಾರವಾಯಿತು.

ಆಮೇಲೆ ಏನೂ ಕೇಳಿಸಲಿಲ್ಲ.

ಅವನು ಬೂದಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೇ ಇದ್ದ. ಹೆಂಡತಿ ನೀರು ತರಲು ಓಡಿದಳು. ಪುಟ್ಟ ಕೈಯೊಂದು ಅವನ ಮಣಿಕಟ್ಟನ್ನು ಹಿಡಿದು, ಏಳು ಎಂಬಂತೆ, ಮನೆಯ ಕಡೆ ಎಳೆಯಿತು. ಅವನು ಕೊಸರಿಕೊಳ್ಳಲು ನೋಡಿದ. ಆಗಲಿಲ್ಲ. ವರ್ಷಗಟ್ಟಲೆ ಮರ ಕೊಯ್ದು ಪಳಗಿದ ಗಂಡಸಿನ ಹಿಡಿತ ಅದು.