ಐದನೆಯ ಸೂಜಿ

ಸರ್ವರಿ ಆರು ವರ್ಷದವಳಿದ್ದಾಗ ಪಕ್ಕದ ಮನೆಯ ಸಖುಬಾಯಿಗೆ ಒಂದು ಮಾತು ಕೊಟ್ಟಿದ್ದಳು.

"ಸೂಜಿ ಅಂಗೀಗೆ ಚುಚ್ಚಿಕೊಳ್ಳಂಗಿಲ್ರಿ ಆಯಿ. ಎದ್ದು ಹೋಗೂಕಿಂತ ಮೊದಲು ಡಬ್ಬ್ಯಾಗ ಹಾಕಿ ಎಣಸ್ತೀನಿ."

ಆ ಮಾತು ಕಿವಿಗೆ ಬಿದ್ದ ಮೇಲೆಯೇ ಸಖುಬಾಯಿ ಅವಳ ಕೈಗೆ ಮೊದಲ ಸೂಜಿ ಕೊಟ್ಟದ್ದು.

ನಾಲ್ಕು ವರ್ಷ ಕಳೆದು, ಒಂದು ಮಂಗಳವಾರ ಬೆಳಿಗ್ಗೆ, ಅದೇ ತಗಡಿನ ಡಬ್ಬಿ ಸಖುಬಾಯಿಯ ತೊಡೆಯ ಮೇಲೆ ತೆರೆದುಕೊಂಡಿತ್ತು. ಹೊಸ ಕೌದಿ ಹೊಲಿಯಲು ಮಡೆಪ್ಪನ ಮನೆಯವರು ಕೊಟ್ಟ ಹಳೆಯ ಧೋತರ, ಸೀರೆಗಳು ಅಂಗಳದ ತುಂಬ ಹಾಸಿದ್ದವು. ಗಾಳಿಗೆ ಹಾರದ ಹಾಗೆ ಸರ್ವರಿ ಅವುಗಳ ಮೂಲೆಗೆ ಒಂದೊಂದೇ ಕಲ್ಲು ಇಡುತ್ತಿದ್ದಳು.

"ಪೋರಿ, ಇಲ್ಲಿ ನಾಕೇ ಅದಾವು," ಎಂದಳು ಸಖುಬಾಯಿ.

ದಾರದ ಉಂಡೆಯ ಕೆಳಗೆ ಇರಬೇಕು ನೋಡ್ರಿ ಎಂದು ಸರ್ವರಿ ತಲೆ ಎತ್ತದೆ ಹೇಳಿದಳು. ಸಖುಬಾಯಿ ಡಬ್ಬಿಯನ್ನು ಒಂದು ಬಿಳಿ ಧೋತರದ ಮೇಲೆ ಬೋರಲು ಹಾಕಿದಳು. ದಾರದ ಉಂಡೆ ಬಿತ್ತು. ಮೇಣದ ತುಂಡು ಬಿತ್ತು. ನಾಲ್ಕು ಸೂಜಿ ಬಿದ್ದವು. ಡಬ್ಬಿಯ ಬೆನ್ನು ತಟ್ಟಿದಳು. ಇನ್ನೇನೂ ಬೀಳಲಿಲ್ಲ.

ಅದು ಎರಡನೆಯ ಮಹಾಯುದ್ಧದ, ಲಡಾಯಿಯ ಕಾಲ. ಸೊಲ್ಲಾಪುರದಿಂದ ಬರುತ್ತಿದ್ದ ಉದ್ದನೆಯ ಒಳ್ಳೆಯ ಸೂಜಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಇದ್ದ ಐದನ್ನೇ ಸಖುಬಾಯಿ ಜೀವದ ಹಾಗೆ ಕಾಯುತ್ತಿದ್ದಳು. ಆದರೆ ಈಗ ಅವಳ ಮುಖ ಬಿಳಿಚಿಕೊಂಡದ್ದು ಸೂಜಿ ಕಳೆಯಿತು ಎಂದಲ್ಲ.

"ಹ್ವಾದ ವಾರ ನಾವು ಯಾರ ಕೌದಿ ಮುಗಿಸಿದ್ವಿ?" ಎಂದು ಕೇಳಿದಳು.

ಸರ್ವರಿಯ ಕೈಯಲ್ಲಿದ್ದ ಕಲ್ಲು ಜಾರಿ ಕಾಲ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ.

ಹೋದ ವಾರ ಮುಗಿಸಿದ್ದು ಖಮರುವಿನ ಕೌದಿ.

ಖಮರು ಎಂದರೆ ಖಮರುದ್ದೀನ್, ಸರ್ವರಿಯ ಅಕ್ಕ ಕರೀಮಾಳ ಕೂಸು. ಎರಡೇ ತಿಂಗಳಿನವನು. ಹುಟ್ಟಿದ್ದು ಇಲ್ಲೇ, ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದ ಬಸವಕಲ್ಯಾಣದ ಈ ಓಣಿಯಲ್ಲಿ. ಅವನು ಹಸಿವಿಗೆ ಅಳುವುದು ಯಾವುದು, ನಿದ್ದೆಗೆ ಅಳುವುದು ಯಾವುದು, ಸುಮ್ಮನೆ ಎತ್ತಿಕೊಳ್ಳಲಿ ಎಂದು ಅಳುವುದು ಯಾವುದು ಎಂದು ಅವನ ತಾಯಿಗಿಂತ ಮೊದಲು ಸರ್ವರಿಗೆ ತಿಳಿಯುತ್ತಿತ್ತು. ಮೊನ್ನೆ ಶನಿವಾರ ಕರೀಮಾ ಅವನನ್ನು ಎತ್ತಿಕೊಂಡು ಹುಮನಾಬಾದಿಗೆ, ಗಂಡನ ಮನೆಗೆ ಹೋದಳು. ತವರಿನಿಂದ ಜೊತೆಗೆ ಹೋದದ್ದು ಆ ಪುಟ್ಟ ಕೌದಿ.

ಅದರಲ್ಲಿ ಅಮ್ಮನ ಕೆಂಪು ಓಢಣಿಯ ತುಂಡಿತ್ತು. ಅಬ್ಬಾನ ಹಳೆಯ ಲುಂಗಿ ಇತ್ತು. ಸಖುಬಾಯಿಯ ಇಳಕಲ್ ಸೀರೆಯ ಅಂಚಿತ್ತು. ಶುಕ್ರವಾರ ಅದರ ಹೊಟ್ಟೆ ತುಂಬಿಸಿದ್ದರು. ಕೌದಿ ಮುಗಿಯುವಾಗ ಒಂದು ಮೂಲೆ ತೆರೆದಿಟ್ಟು, ಅದರೊಳಗೆ ಒಣ ರೊಟ್ಟಿಯ ಚೂರು, ನಾಲ್ಕು ಕಾಳು ಜೋಳ ಹಾಕಿ ಹೊಲಿಯುವುದು ಸಖುಬಾಯಿಯ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಆ ದಿನ ಹೊಲಿದವರಿಗೂ ಮಾದಲಿಯ ಸಿಹಿ ಊಟ. ಅದಕ್ಕೆಂದೇ ಸರ್ವರಿ ಈದ್ ಹಬ್ಬದ ಹಸಿರು ಕುರ್ತಾ ಹಾಕಿಕೊಂಡು ಕೂತಿದ್ದಳು.

ಮೂಲೆ ಹೊಲಿದು ದಾರ ಕಡಿದದ್ದೇ ತಡ, ಗೋಡೆಯಾಚೆ ಮನೆಯಲ್ಲಿ ಖಮರು ಎದ್ದ. ಅಮ್ಮ ಕರೆದಳು. ಸರ್ವರಿ ಓಡಿದಳು. ಅಂಗಳದಿಂದ ಸಖುಬಾಯಿ ದಿನದಂತೆ ಕೇಳಿದ್ದಳು, ಎಣಿಸಿದಿ ಏನು ಎಂದು. ಸರ್ವರಿ ತೊಟ್ಟಿಲ ಹಗ್ಗ ಹಿಡಿದುಕೊಂಡೇ ದಿನದಂತೆ ಕೂಗಿದ್ದಳು, ಐದೂ ಅದಾವ್ರಿ ಎಂದು.

ಸಖುಬಾಯಿಗೆ ಬೇರೆ ದಾರಿ ಇರಲಿಲ್ಲ. ಕಣ್ಣು ಮಂಜು. ಐವತ್ತು ವರ್ಷ ಸೂಜಿ ದೂಡಿ ದೂಡಿ ಬೆರಳ ತುದಿಗಳು ಚಪ್ಪಲಿಯ ತೊಗಲಿನ ಹಾಗೆ ಆಗಿದ್ದವು, ಮುಳ್ಳು ಚುಚ್ಚಿದರೂ ತಿಳಿಯದು. ಅದಕ್ಕೇ ಸರ್ವರಿಯ ಲೆಕ್ಕವನ್ನು ನಂಬಿ ಅವಳು ಕೌದಿ ಮಡಿಸುತ್ತಿದ್ದಳು.

"ಆವತ್ತ ಎಣಿಸಿದ್ದಿ, ಹೌದಲ್ಲ?"

ಹೌದ್ರಿ ಎನ್ನಲು ಸರ್ವರಿ ಬಾಯಿ ತೆರೆದಳು. ಅದು ತಾನಾಗಿಯೇ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ನುಂಗಿದಳು.

"ಇಲ್ರಿ ಆಯಿ."

"ಆವತ್ತ ಒಂದ ದಿನ ಎಣಿಸಿಲ್ಲೇನು?"

"ಗೊತ್ತಿಲ್ರಿ. ಭಾಳ ದಿನ ಆಯ್ತು."

"ನಾ ದಿನಾ ಕೇಳ್ತಿದ್ನಲ್ಲ."

"ನಾ ದಿನಾ ಹಂಗೇ ಹೇಳ್ತಿದ್ನಿ," ಎಂದಳು ಸರ್ವರಿ.

ಇಬ್ಬರೂ ಒಂದನ್ನೇ ಯೋಚಿಸುತ್ತಿದ್ದರು. ಸೂಜಿ ಕೌದಿಯೊಳಗೆ ಇದೆ. ಕೌದಿಯ ಮೇಲೆ ಮೂರು ದಿನದಿಂದ ಖಮರು ಮಲಗಿದ್ದಾನೆ.

ಸರ್ವರಿಯ ಅಬ್ಬಾ ಹುಸೇನ ಬಟ್ಟೆಗೆ ಬಣ್ಣ ಹಾಕುವವನು. ವಿಷಯ ಕೇಳಿದಾಗ ಅವನ ಎರಡೂ ಕೈ ನೀಲಿ ಬಣ್ಣದ ನೀರಿನ ಹರವಿಯಲ್ಲಿದ್ದವು. ಅವನು ಬೈಯಲಿಲ್ಲ. ಕೈ ಹೊರಗೆ ತೆಗೆದು ಸರ್ವರಿಯನ್ನೇ ನೋಡುತ್ತ ನಿಂತ. ನೀಲಿ ನೀರು ಮೊಣಕೈಯಿಂದ ಅಂಗಳಕ್ಕೆ ಸುರಿಯುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸರ್ವರಿಗೆ. ಅಮ್ಮ ವಜೀರಬಿ ಹೊಸ್ತಿಲ ಮೇಲೆ ಕುಸಿದು ಕೂತಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸುಟ್ಟ ವಾಸನೆ ಬಂದರೂ ಯಾರೂ ಏಳಲಿಲ್ಲ.

ಹುಮನಾಬಾದಿನ ಮೋಟಾರು ಇನ್ನೇನು ಹೊರಡುವ ಹೊತ್ತು. ಅಬ್ಬಾ, ಸಖುಬಾಯಿ, ಸರ್ವರಿ ಮೂವರೂ ಹೋಗುವುದೆಂದಾಯಿತು. ಬೀಗರ ಮನೆಗೆ ಕಲೆಯಾದ ಕುರ್ತಾದಲ್ಲಿ ಕಳಿಸುವುದು ಹೇಗೆ ಎಂದು ಅಮ್ಮ ಆ ಗಾಬರಿಯಲ್ಲೂ ಟ್ರಂಕು ತೆರೆದು, ಮಡಿಸಿಟ್ಟಿದ್ದ ಹಸಿರು ಕುರ್ತಾ ಹೊರಗೆಳೆದು ಸರ್ವರಿಯ ತಲೆಯ ಮೇಲಿಂದ ಇಳಿಬಿಟ್ಟಳು. ಮೇಲೆ ಓಢಣಿ ಹೊದಿಸಿದಳು.

ಪೆಟ್ರೋಲು ಸಿಗದ ಕಾಲವಾದ್ದರಿಂದ ಮೋಟಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಅದರ ಹೊಗೆಯಲ್ಲೇ ಗಾಡಿ ಓಡಬೇಕು. ಸಸ್ತಾಪುರ ದಾಟಿ ಏರು ಬಂದ ಕೂಡಲೇ ಅದು ಕೆಮ್ಮಿ ಕೆಮ್ಮಿ ನಿಂತಿತು. ಎಲ್ಲರೂ ಇಳಿದು ದೂಡಬೇಕಾಯಿತು.

"ಆಯಿ, ನೀವು ಇಳೀಬ್ಯಾಡ್ರಿ," ಎಂದ ಡ್ರೈವರ್ ಏಕನಾಥ. "ನೀವು ದೂಡಿದ್ರ ಗಾಡಿ ಹೈದರಾಬಾದಿಗೇ ಹೋಗಿ ನಿಂದರ್ತದ."

ಬೇರೆ ದಿನವಾಗಿದ್ದರೆ ಸಖುಬಾಯಿ ಇದಕ್ಕೆ ಎರಡು ಮಾತು ಸೇರಿಸಿ ಕೊಡುತ್ತಿದ್ದಳು. ಇವತ್ತು ಸುಮ್ಮನೆ ಇಳಿದು, ಸೆರಗು ಸೊಂಟಕ್ಕೆ ಸಿಗಿಸಿ, ಗಂಡಸರ ನಡುವೆ ಕೈ ಕೊಟ್ಟು ನಿಂತಳು. ಏಕನಾಥ ಮತ್ತೆ ತಮಾಷೆ ಮಾಡಲಿಲ್ಲ.

ಸರ್ವರಿ ಶುಕ್ರವಾರವನ್ನು ನೆನಪಿಸಿಕೊಳ್ಳಲು ನೋಡಿದಳು. ಮಾದಲಿಯ ಯಾಲಕ್ಕಿ ವಾಸನೆ ನೆನಪಾಯಿತು. ದಾರ ಕಡಿದಾಗ ಹಲ್ಲಿಗೆ ತಾಗಿದ ಮೇಣದ ರುಚಿ ನೆನಪಾಯಿತು. ಅಮ್ಮ ಕರೆದದ್ದು, ತೊಟ್ಟಿಲ ಹಗ್ಗ, ಖಮರುವಿನ ಮುಚ್ಚಿದ ಮುಷ್ಟಿ, ಎಲ್ಲ ನೆನಪಾಯಿತು. ಕೈಯಲ್ಲಿದ್ದ ಸೂಜಿಯನ್ನು ಕೈ ಏನು ಮಾಡಿತು ಎಂಬುದೊಂದೇ ನೆನಪಿಗೆ ಬರಲಿಲ್ಲ. ಆ ಕೈ ಬೇರೆ ಯಾರದೋ ಆಗಿತ್ತೇನೋ ಎನ್ನುವ ಹಾಗೆ ಅಲ್ಲಿ ಬರೀ ಖಾಲಿ.

ಖಮರು ಮಲಗಿದಲ್ಲೇ ಹಿಮ್ಮಡಿ ಬಡಿಯುತ್ತಾನೆ. ಪಕ್ಕಕ್ಕೆ ಹೊರಳಲು ನೋಡುತ್ತಾನೆ. ಅಲ್ಲಿಗೇ ಸರ್ವರಿ ಯೋಚನೆ ನಿಲ್ಲಿಸಿ ಓಢಣಿಯ ತುದಿ ಕಚ್ಚಿಕೊಂಡಳು.

ಹುಮನಾಬಾದ್ ಮುಟ್ಟುವಾಗ ಮಧ್ಯಾಹ್ನ. ಬಜಾರಿನ ಹಿಂದಿನ ಓಣಿಯಲ್ಲಿ ಕರೀಮಾಳ ಅತ್ತೆ ಖುರ್ಷೀದ್ ಬೇಗಂ ಬಾಗಿಲಲ್ಲೇ ಕೂತು ಹುಣಸೆ ಬೀಜ ಬಿಡಿಸುತ್ತಿದ್ದರು. ಸರ್ವರಿ ಸಲಾಮು ಮಾಡಲಿಲ್ಲ. ಅವರನ್ನು ದಾಟಿ ಒಳಗೆ ಓಡಿದಳು.

ನಡುಮನೆಯಲ್ಲಿ ಚಾಪೆಯ ಮೇಲೆ ಕೌದಿ, ಕೌದಿಯ ಮೇಲೆ ಖಮರು. ಬಾಯಿ ತುಸು ತೆರೆದು ಮಲಗಿದ್ದ. ಪಕ್ಕದಲ್ಲಿ ಕರೀಮಾ ಬಟ್ಟೆ ಮಡಿಸುತ್ತಿದ್ದಳು.

ಸರ್ವರಿ ಬಗ್ಗಿ ಅವನನ್ನು ಎತ್ತಿಬಿಟ್ಟಳು. ಓಢಣಿ ಜಾರಿ ಕೆಳಗೆ ಬಿತ್ತು. ಅವನ ತಲೆಯನ್ನು ಭುಜಕ್ಕೆ ಒತ್ತಿ ಹಿಡಿದು ಕೌದಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಬೆಳಿಗ್ಗೆಯಿಂದ ಹಿಡಿದಿದ್ದ ಉಸಿರು ಆಗ ಬಿಟ್ಟಳು. ಸಿಕ್ಕಿದ. ಏನೂ ಆಗಿಲ್ಲ.

ಖಮರು ಚೀರಿದ.

ಅದು ಹಸಿವಿನದಲ್ಲ, ನಿದ್ದೆಯದಲ್ಲ. ಸರ್ವರಿಗೆ ಗೊತ್ತಿದ್ದ ಯಾವ ಅಳುವೂ ಅಲ್ಲ.

ಕರೀಮಾ ಎದ್ದು ಬಂದು ಕೂಸನ್ನು ಕಸಿದುಕೊಂಡಳು. ಕಿವಿಯ ಕೆಳಗಿನಿಂದ ಕೆನ್ನೆಯವರೆಗೆ ಒಂದು ಕೆಂಪು ಗೆರೆ ಎದ್ದಿತ್ತು. ಅದರುದ್ದಕ್ಕೂ ರಕ್ತದ ಸಣ್ಣ ಹನಿಗಳು ಒಂದೊಂದಾಗಿ ಮೂಡುತ್ತಿದ್ದವು.

ಅಷ್ಟರಲ್ಲಿ ಅಬ್ಬಾ ತಡವರಿಸುತ್ತ ಸೂಜಿಯ ಸಂಗತಿ ಹೇಳಿದ. ಕರೀಮಾ ಕೌದಿಯನ್ನು ಕಾಲಿನಿಂದ ಆಚೆ ತಳ್ಳಿದಳು. ಮಗುವಿನ ಅಂಗಿ ಬಿಚ್ಚಿ ಬೆನ್ನು, ಕಂಕುಳು, ತೊಡೆ, ಪಾದ ಎಲ್ಲ ತಡವಿ ನೋಡಿದಳು. ಸಖುಬಾಯಿ ನೆಲಕ್ಕೆ ಮೊಣಕಾಲೂರಿ ಕೌದಿಯನ್ನು ಒತ್ತಿ ಒತ್ತಿ ನೋಡಿದಳು. ಬೆರಳಿಗೆ ಏನೂ ತಿಳಿಯುವುದಿಲ್ಲವೆಂದು ನೆನಪಾಗಿ, ಬಗ್ಗಿ ತನ್ನ ಕೆನ್ನೆಯನ್ನೇ ಕೌದಿಗೆ ಒತ್ತಿದಳು. ಕೆನ್ನೆ ಉಜ್ಜುತ್ತ, ಒಂದೊಂದು ಗೇಣು ಸರಿಯುತ್ತ, ಈ ಅಂಚಿನಿಂದ ಆ ಅಂಚಿನವರೆಗೆ ಹೋದಳು. ರೊಟ್ಟಿಯ ಚೂರಿದ್ದ ಮೂಲೆಯನ್ನೂ ಬಿಡಲಿಲ್ಲ.

"ಇದರಾಗ ಏನೂ ಇಲ್ಲ," ಎಂದಳು ತಲೆ ಎತ್ತಿ.

ಖುರ್ಷೀದ್ ಬೇಗಂ ಮಾತ್ರ ಕೌದಿಯನ್ನು ನೋಡುತ್ತಿರಲಿಲ್ಲ. ಸರ್ವರಿಯನ್ನು ನೋಡುತ್ತಿದ್ದರು. ಹುಣಸೆಯ ಕೈ ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದರು. ಸರ್ವರಿಯ ಎಡಭುಜದ ಮೇಲೆ, ಹಸಿರು ಕುರ್ತಾದ ಹೊಲಿಗೆಯ ಪಕ್ಕದಲ್ಲಿ, ಏನನ್ನೋ ಎರಡು ಬೆರಳಿನಿಂದ ಹಿಡಿದು ಎಳೆದರು. ಅದು ಬಂತು. ಇನ್ನೂ ಬಂತು. ಉದ್ದನೆಯ ಸೂಜಿ.

ಶುಕ್ರವಾರದಿಂದ ಅದು ಅಲ್ಲೇ ಇತ್ತು. ಟ್ರಂಕಿನಲ್ಲಿ ಇತ್ತು. ಓಢಣಿಯ ಕೆಳಗೆ, ಮೋಟಾರಿನಲ್ಲಿ, ಅವಳ ಜೊತೆಗೇ ಹುಮನಾಬಾದಿಗೆ ಬಂದಿತ್ತು. ಕೌದಿಯ ಮೇಲೆ ಖಮರು ಸುಖವಾಗಿ ಮಲಗಿದ್ದ. ಸೂಜಿಯನ್ನು ಅವನ ಹತ್ತಿರ ತಂದವಳು ಸರ್ವರಿಯೇ.

ಖುರ್ಷೀದ್ ಬೇಗಂ ಬೈಯುವವರಲ್ಲ. ಸೂಜಿಯನ್ನು ಸಖುಬಾಯಿಯ ಅಂಗೈಯಲ್ಲಿಟ್ಟು, ಮಗುವಿನ ಕೆನ್ನೆ ನೋಡಿ ಇಷ್ಟೇ ಹೇಳಿದರು.

"ಎರಡ ಬೆರಳ ಅತ್ತ ಆಗಿದ್ರ, ಕಣ್ಣು."

ಸರ್ವರಿ ಅಳಲಿಲ್ಲ. ಅಳು ಬರಲಿಲ್ಲ. ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಒರಗಿ ನಿಂತಳು. ಹೊರಡುವಾಗ ಕರೀಮಾ ಅವಳ ತಲೆ ಸವರಿದಳು. ಆದರೆ ಖಮರುವನ್ನು ಎತ್ತಿಕೋ ಎಂದು ಕೊಡಲಿಲ್ಲ. ಸರ್ವರಿಯೂ ಕೇಳಲಿಲ್ಲ.

ಆಮೇಲೆ ಎಂಟು ದಿನ ಅವಳು ಸಖುಬಾಯಿಯ ಅಂಗಳಕ್ಕೆ ಕಾಲಿಡಲಿಲ್ಲ. ಶಾಲೆಗೆ ಹೋದಳು, ಬಂದಳು, ಅಮ್ಮ ಹೇಳಿದ ಕೆಲಸ ಮಾಡಿದಳು. ಕೆನ್ನೆಯ ಗಾಯ ಒಣಗಿದೆ, ಕೂಸು ನಗುತ್ತಿದೆ ಎಂದು ಹುಮನಾಬಾದಿನಿಂದ ಏಕನಾಥ ಸುದ್ದಿ ತಂದ. ಅದನ್ನು ಕೇಳಿ ಒಳಗೆ ಹೋಗಿ ತಂಬಿಗೆ ನೀರು ಕುಡಿದಳು.

ಒಂಬತ್ತನೆಯ ದಿನ ಒಗೆದ ಬಟ್ಟೆ ಹಗ್ಗದಿಂದ ತೆಗೆಯುವಾಗ ತನ್ನ ದಿನದ ಕುರ್ತಾ ಬಿಸಿಲಿಗೆ ಅಡ್ಡ ಬಂತು. ಎಡಭುಜದ ಹತ್ತಿರ ಬಟ್ಟೆಯೊಳಗಿಂದ ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿ ಬರುತ್ತಿತ್ತು. ಸರ್ವರಿ ಅದನ್ನು ಮುಖದ ಹತ್ತಿರ ಹಿಡಿದಳು. ಸೂಜಿಯ ಸಣ್ಣ ಸಣ್ಣ ತೂತುಗಳು. ಹತ್ತಲ್ಲ, ಇಪ್ಪತ್ತಲ್ಲ. ರವೆ ಜರಡಿಯ ಹಾಗೆ. ಅವುಗಳಲ್ಲಿ ಒಂದನ್ನು ಮಾಡಿದ್ದೂ ಅವಳಿಗೆ ನೆನಪಿರಲಿಲ್ಲ.

ಆಮೇಲೆ ಅದೇ ಕುರ್ತಾ ಹಾಕಿಕೊಂಡು ಪಕ್ಕದ ಅಂಗಳಕ್ಕೆ ಹೋದಳು.

ಸಖುಬಾಯಿ ಮಡೆಪ್ಪನ ಮನೆಯ ಕೌದಿಯ ಒಂದು ಅಂಚಿನಲ್ಲಿದ್ದಳು. ಇನ್ನೊಂದು ಅಂಚು ಖಾಲಿ ಇತ್ತು.

"ಬಂದಿ? ಈ ಸಾಲು ನಾ ಒಬ್ಬಾಕಿ ಮಾಡಾಕತ್ತೇನಿ ನೋಡು, ಹಾವು ಹರದಾಡಿದಂಗ ಆಗ್ಯದ," ಎಂದಳು. ಡಬ್ಬಿ ತೆರೆದು ಒಂದು ಸೂಜಿಗೆ ದಾರ ಹಾಕಿಕೊಳ್ಳಲು ಹೇಳಿದಳು. ಅದೇ ಸೂಜಿ. ತುದಿಯ ಹತ್ತಿರ ತುಸು ಬಾಗಿದ್ದರಿಂದ ಸರ್ವರಿಗೆ ಗುರುತು ಸಿಕ್ಕಿತು.

ಮತ್ತೆ ಮಾತು ಕೊಡು ಎಂದು ಸಖುಬಾಯಿ ಕೇಳಲಿಲ್ಲ. ಸರ್ವರಿ ಹೊಲಿಯತೊಡಗಿದಳು.

ಅರ್ಧ ಸಾಲು ಆಗಿತ್ತು. ನೀರು ಸೇದಬೇಕು ಬಾ ಎಂದು ಅಮ್ಮ ಗೋಡೆಯಾಚೆಯಿಂದ ಕರೆದಳು. ಬಂದೆ ಎನ್ನುತ್ತ ಸರ್ವರಿ ಮೊಣಕಾಲು ಎತ್ತಿದಳು.

ಬಲಗೈ ಆಗಲೇ ಹೊರಟಿತ್ತು. ಎದೆ ದಾಟಿ ಭುಜದ ಹತ್ತಿರ ಬಂದಿತ್ತು. ಸೂಜಿಯ ಮೊನೆ ಬಟ್ಟೆಗೆ ತಾಗಿದಾಗಲೇ ಅವಳಿಗೆ ತಿಳಿದದ್ದು.

ಹುಮನಾಬಾದಿಗೆ ಹೋಗಿ ಬಂದಿದ್ದು ಅವಳು. ಕೈ ಹೋಗಿಯೇ ಇರಲಿಲ್ಲ. ಕೈಗೆ ಇನ್ನೂ ಏನೂ ಗೊತ್ತಿರಲಿಲ್ಲ.

ಅವಳು ಮತ್ತೆ ಕೂತಳು. ಸೂಜಿಯನ್ನು ಡಬ್ಬಿಗೆ ಹಾಕಿದಳು. ಸಖುಬಾಯಿಯ ಸೂಜಿಯನ್ನೂ ಕೇಳಿ ಇಸಿದುಕೊಂಡು ಹಾಕಿದಳು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಬಾಯಿಬಿಟ್ಟು ಎಣಿಸಿದಳು. ಆಮೇಲೆ ಎದ್ದಳು.

ಸಂಜೆಯೊಳಗೆ ಆ ಕೈ ಇನ್ನೂ ಎರಡು ಸಲ ಭುಜದವರೆಗೆ ಹೋಯಿತು. ಎರಡು ಸಲವೂ ಅವಳು ಅದನ್ನು ಹಿಂದಕ್ಕೆ ತಂದಳು. ದೀಪ ಹಚ್ಚುವ ಹೊತ್ತಿಗೆ ಡಬ್ಬಿಯಲ್ಲಿ ಐದು ಸೂಜಿ ಇದ್ದವು.

ಆರು ವರ್ಷದವಳಿದ್ದಾಗ ಕೊಟ್ಟ ಮಾತನ್ನು ಸರ್ವರಿ ಆ ದಿನ ನಡೆಸಿದಳು.